ಎಡೆಗಿಟ್ಟ ಹವಾನಾ

ಬದುಕಿರುವ ಮನುಷ್ಯನಿಗೆ ಹಿರಿಯರ ಎಡೆ ಇಟ್ಟರೆ ಏನಾಗುತ್ತದೆ ಎಂದು ಕೆರಿಯನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಹೇಳಿಕೊಡಲು ಯಾರಿಗಾದರೂ ಗೊತ್ತಿದ್ದರೆ ತಾನೆ? ಸತ್ತವರಿಗೆ ಇಡುವುದಕ್ಕೇ ಜನ ಮೈಗಳ್ಳತನ ಮಾಡುವಾಗ ಬದುಕಿದ್ದವರಿಗೆ ಯಾರು ಎಲೆ ಹಾಕುತ್ತಾರೆ! ಕೆರಿಯ ಹಾಕಿದ. ಮೂವತ್ತನಾಲ್ಕನೇ ಇಸವಿಯ ಮಹಾಲಯ ಅಮಾವಾಸ್ಯೆಯ ದಿನ ಹಾಕಿದ, ಅದೂ ಬರೀ ಪ್ರೀತಿಯಿಂದ.

ಉಮ್ಮಚಗಿ ದಾಟಿ ಯಲ್ಲಾಪುರದ ರಸ್ತೆ ಕಾಡಿನೊಳಗೆ ಹೊರಳುವ ಕಡೆ ಒಂದು ಹಂಚಿನ ಬಂಗಲೆ ಇತ್ತು. ಅಲ್ಲಿದ್ದವನು ವಿಲ್ಮಟ್ ಸಾಹೇಬ. ಜಂಗಲ್ ಖಾತೆಯಲ್ಲಿ ಇಪ್ಪತ್ತೆಂಟು ವರ್ಷ ನೌಕರಿ ಮಾಡಿ, ಪೆನ್ಶನ್ ಆದ ಮೇಲೂ ವಿಲಾಯತಿಗೆ ಹೋಗದೆ ಅಲ್ಲೇ ಬೇರು ಬಿಟ್ಟಿದ್ದ. ಹೆಂಡತಿ ಮಕ್ಕಳಿಲ್ಲ. ಒಬ್ಬ ಅಕ್ಕ ಇದ್ದಳಂತೆ, ಅವಳೂ ಹೋಗಿ ಬಹಳ ವರ್ಷವಾಗಿತ್ತು. ಧಾರವಾಡದ ಮುನ್ಶಿಯೊಬ್ಬರ ಹತ್ತಿರ ಕನ್ನಡ ಕಲಿತವನಾದ್ದರಿಂದ ಆ ಕೆಂಪು ಮೋರೆಯಿಂದ ಅಪ್ಪಟ ಧಾರವಾಡದ ಮಾತು ಹೊರಡುತ್ತಿತ್ತು. ಮೊದಲ ಸಲ ಕೇಳಿದವರು ನಗು ತಡೆಯಲು ಕೈಗೆ ಸಿಕ್ಕಿದ ಬಟ್ಟೆಯನ್ನು ಬಾಯಿಗೆ ಒತ್ತಿಕೊಳ್ಳಬೇಕಾಗುತ್ತಿತ್ತು. ಕೆರಿಯ ಅವನಿಗೆ ಅಡುಗೆಯವ, ಕಾವಲಿನವ, ಎಲ್ಲ. ಕೆರಿಯನ ಹೆಂಡತಿ ಬೀರಮ್ಮ ಕಸ ಮುಸುರೆ ನೋಡುತ್ತಿದ್ದಳು. ಹದಿನಾಲ್ಕು ವರ್ಷದಿಂದ ಗಂಡ ಹೆಂಡತಿ ಬಂಗಲೆಯ ಹಿಂದಿನ ಬಿಡಾರದಲ್ಲೇ ಇದ್ದರು.

ಸಾಹೇಬನಿಗೆ ಕುಡಿತದ ಚಟವಿರಲಿಲ್ಲ, ಬೇಟೆಯ ಹುಚ್ಚು ಎಂದೋ ಇಳಿದಿತ್ತು. ಉಳಿದ ಚಪಲ ಒಂದೇ, ಹವಾನಾ. ಕ್ಯೂಬಾ ಎನ್ನುವ ಯಾವುದೋ ದ್ವೀಪದಲ್ಲಿ ಸುತ್ತಿದ ಚಿರೂಟು ಅದು. ಮುಂಬಯಿಯ ಅಂಗಡಿಯಿಂದ ರೈಲಿನಲ್ಲಿ ಹುಬ್ಬಳ್ಳಿಗೆ ಬಂದು, ಅಲ್ಲಿಂದ ಸಿರ್ಸಿಯ ಚಾಂದ್ ಪಾಷಾನ ಮೋಟಾರಿನಲ್ಲಿ ಬಂಗಲೆ ಮುಟ್ಟುತ್ತಿತ್ತು. ಹುಬ್ಬಳ್ಳಿ, ಯಲ್ಲಾಪುರ, ಸಿರ್ಸಿ ಎಂದು ದಿನಕ್ಕೊಂದು ಸುತ್ತು ಹೊಡೆಯುವ ಚಾಂದ್ ಪಾಷಾ ಆ ಪೆಟ್ಟಿಗೆಯನ್ನು ಮಾತ್ರ ಛಾವಣಿಗೆ ಕಟ್ಟದೆ ತನ್ನ ಮಗ್ಗುಲಲ್ಲೇ ಇಟ್ಟುಕೊಂಡು ತರುತ್ತಿದ್ದ.

ಕೆರಿಯ ಕೆಲಸಕ್ಕೆ ಸೇರಿದ ಮೊದಲ ಮಳೆಗಾಲದಲ್ಲೇ ಈ ಹವಾನಾದ ವಿಷಯದಲ್ಲಿ ಒಂದು ಅನಾಹುತ ಮಾಡಿಕೊಂಡಿದ್ದ. ಪೆಟ್ಟಿಗೆ ತೆಗೆದು ನೋಡುತ್ತಾನೆ, ಚಿರೂಟುಗಳ ಮೈಮೇಲೆಲ್ಲ ಬಿಳಿ ಪುಡಿ. ಅಡಿಕೆಯ ಮೇಲೆ ಬಿಳಿ ಕಂಡರೆ ಬೂಸ್ಟು ಹಿಡಿಯಿತು ಎಂದು ಎದೆ ಒಡೆದುಕೊಳ್ಳುವ ಸೀಮೆಯವನು ಇನ್ನೇನು ಮಾಡಿಯಾನು? ಇಪ್ಪತ್ತೈದನ್ನೂ ಒಂದೊಂದಾಗಿ ಒರೆಸಿ, ಏಲಕ್ಕಿ ಒಣಗಿಸುವ ಹಾಗೆ ಒಲೆಯ ಮೇಲಿನ ಅಟ್ಟದಲ್ಲಿ ಹರವಿಬಿಟ್ಟ. ಮೂರನೇ ದಿನಕ್ಕೆ ಅವು ಮುಟ್ಟಿದರೆ ಪುಡಿಯಾಗತೊಡಗಿದವು. ಸಾಹೇಬ ಬೈಯಲಿಲ್ಲ. ಒಂದು ತುಂಡನ್ನು ಅಂಗೈಯಲ್ಲಿ ಇಟ್ಟುಕೊಂಡು ಮೂಸಿ ನೋಡಿದ.

“ಅದು ಬೂಸ್ಟಲ್ಲಪಾ ಕೆರಿಯಾ,” ಎಂದ. “ಎಲಿ ಒಳಗಿನ ಎಣ್ಣಿ ವಯಸ್ಸಾದಂಗ ಹೊರಗ ಬರ್ತದ. ಅದು ಬಂತಂದ್ರ ಚಿರೂಟು ಹಣ್ಣಾತು ಅಂತ ತಿಳಿ.”

ಕೆರಿಯನಿಗೆ ಭೂಮಿ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು. ಆದರೆ ಅದೇ ಮಧ್ಯಾಹ್ನ ಸಾಹೇಬ ಹೊಸ ಪೆಟ್ಟಿಗೆ ಒಡೆದು ಅವನನ್ನು ಒಳಗಿನ ಕೋಣೆಗೆ ಕರೆದ. ಬೆತ್ತದ ಕುರ್ಚಿ, ಒಂದು ಮೇಜು, ಪಶ್ಚಿಮಕ್ಕೊಂದು ಕಿಟಕಿ ಇದ್ದ ಆ ಕೋಣೆಯಲ್ಲಿ ಸಾಹೇಬ ಊಟವಾದ ಮೇಲೆ ದಿನಕ್ಕೊಂದೇ ಚಿರೂಟು ಸೇದುತ್ತಿದ್ದ. ಹೇಗೆಂದು ಕೆರಿಯನಿಗೆ ಅಂದು ತೋರಿಸಿಕೊಟ್ಟ. ಮೊದಲು ಕಿವಿಯ ಹತ್ತಿರ ಹಿಡಿದು ಮೆಲ್ಲಗೆ ಒತ್ತಬೇಕು, ಚರಚರ ಎಂದರೆ ಒಣಗಿದೆ ಎಂದರ್ಥ. ಆಮೇಲೆ ಹಚ್ಚದೆಯೇ ಮೂಸಬೇಕು. ತಲೆಯ ಕಡೆ ಉಗುರಿನಷ್ಟು ಮಾತ್ರ ಕತ್ತರಿಸಿ, ಬೆಂಕಿಯಿಲ್ಲದೆ ಒಮ್ಮೆ ಎಳೆದು ಎಲೆಯ ರುಚಿ ನೋಡಬೇಕು. ಕಡ್ಡಿ ಗೀರಿದ ಕೂಡಲೇ ತಾಗಿಸಬಾರದು, ಗಂಧಕದ ವಾಸನೆ ಹೋಗುವ ತನಕ ಕಾಯಬೇಕು. ಜ್ವಾಲೆ ತಾಗದ ಹಾಗೆ ಬರೀ ಕಾವಿನಲ್ಲಿ ಸುತ್ತಲೂ ಕೆಂಪಾಗಿಸಬೇಕು. ಹೊಗೆ ನುಂಗಬಾರದು, ಬಾಯಲ್ಲಿ ಇಟ್ಟುಕೊಂಡು ಬಿಡಬೇಕು. ಬೂದಿ ಕೊಡವಬಾರದು, ತಾನಾಗಿ ಬೀಳುವ ತನಕ ನಿಲ್ಲಬೇಕು. ಅವಸರ ಮಾಡಿದವನಿಗೆ ಹವಾನಾ ಮುನಿಯುತ್ತದೆ.

“ಇದು ಹೊಗಿ ಅಲ್ಲ, ಊಟ,” ಎಂದ ಸಾಹೇಬ, ಇನ್ನೊಂದನ್ನು ಕೆರಿಯನ ಕೈಗೆ ಕೊಟ್ಟು. “ಎಂಥಾ ರುಚಿ ಬರ್ತದ ಹೇಳು.”

ಕೆರಿಯ ಹೆದರುತ್ತ ಎಳೆದ. ಮೊದಲು ಏನೂ ತಿಳಿಯಲಿಲ್ಲ. ಆಮೇಲೆ ಆಲೆಮನೆಯ ಬಾಗಿಲಲ್ಲಿ ನಿಂತ ಹಾಗೆ ಬೆಲ್ಲದ ಪಾಕದ ವಾಸನೆ ಬಂತು. ಅರ್ಧ ಮುಗಿಯುವಾಗ ಹಸಿ ಕಾಳುಮೆಣಸು, ಕೊನೆಕೊನೆಗೆ ಮಳೆ ಬಿದ್ದ ಮಣ್ಣು. ತೋಚಿದ್ದನ್ನು ತೋಚಿದ ಹಾಗೆ ಹೇಳಿದ. ಸಾಹೇಬ ತೊಡೆ ತಟ್ಟಿಕೊಂಡು ನಕ್ಕುಬಿಟ್ಟ, “ನಿನಗ ನಾಲಿಗಿ ಅದ ಮಗನಾ!” ಎಂದ. ಅಲ್ಲಿಯ ತನಕ ಕೆರಿಯನಿಗೆ ಅಷ್ಟು ದೊಡ್ಡ ಮಾತನ್ನು ಯಾರೂ ಆಡಿರಲಿಲ್ಲ. ಅವನ ಅಪ್ಪನಂತೂ ಆಡಿರಲೇ ಇಲ್ಲ.

ಮೂವತ್ತನಾಲ್ಕರ ಶ್ರಾವಣದಲ್ಲಿ ಸಾಹೇಬನಿಗೆ ಜ್ವರ ಬಂತು. ಕಾಡುಜ್ವರ, ಕಪ್ಪು ಮೂತ್ರ. ಚಾಂದ್ ಪಾಷಾ ಮೋಟಾರಿನ ಹಿಂದಿನ ಸೀಟಿನಲ್ಲಿ ಹಾಸಿಗೆ ಹಾಸಿ ಅವನನ್ನು ಮಲಗಿಸಿಕೊಂಡು ಹೋಗಿ, ಬೆಳಗಾವಿಯ ಆಸ್ಪತ್ರೆಗೆ ಕಳಿಸುವ ವ್ಯವಸ್ಥೆ ಮಾಡಿದ. ಒಂದು ತಿಂಗಳು ಸುದ್ದಿಯಿಲ್ಲ. ಭಾದ್ರಪದದ ಕೊನೆಗೆ ಒಂದು ದಿನ ಮೋಟಾರು ಬಂಗಲೆಯ ಮುಂದೆ ನಿಂತಿತು. ಚಾಂದ್ ಪಾಷಾ ಟೋಪಿ ಕೈಯಲ್ಲಿ ಹಿಡಿದು ಇಳಿದ.

“ಖಬರ್ ಬಂತು ಕೆರಿಯಾ. ಜಂಗಲ್ ಖಾತೆಯ ಮುದಿ ಸಾಹೇಬನ್ನ ಮೊನ್ನೆ ಹುಬ್ಬಳ್ಳಿಯಲ್ಲಿ ಮಣ್ಣು ಮಾಡಿದರಂತೆ. ಸ್ಟೇಷನ್ನಲ್ಲೆಲ್ಲ ಅದೇ ಮಾತು. ನಮ್ಮ ಸಾಹೇಬ್ರನ್ನ ವಾಪಸ್ ಕರ್ಕೊಂಡು ಬರುವಾಗ ಆಗಿರಬೇಕು ಮಾರಾಯಾ.”

ಕೆರಿಯ ಮೆಟ್ಟಿಲ ಮೇಲೆ ಕುಸಿದು ಕೂತ. ಅವನಿಗೆ ಅಳುವಿಗಿಂತ ಮೊದಲು ಬಂದದ್ದು ಒಂದು ಯೋಚನೆ. ಇನ್ನು ಎಂಟು ದಿನಕ್ಕೆ ಮಹಾಲಯ ಅಮಾವಾಸ್ಯೆ, ಎಲ್ಲರ ಮನೆಯಲ್ಲೂ ಹಿರಿಯರಿಗೆ ಎಲೆ ಹಾಕುತ್ತಾರೆ. ಸಾಹೇಬನಿಗೆ ಹಾಕುವವರು ಯಾರಿದ್ದಾರೆ?

ಬೀರಮ್ಮ ಬೇಡವೆಂದಳು. “ಮಣ್ಣು ಮಾಡಿದ್ದು ನಾವು ಕಂಡ್ರಾ? ಹೆಣ ಕಂಡ್ರಾ? ಮೋಟರಿನವ ಹೇಳ್ದ ಅಂತ ಎಡೆ ಇಡುದು ಎಂತಕ್ಕೆ? ಒಂದು ವರ್ಷ ಹೋಗ್ಲಿ.”

“ವರ್ಷದ ತನಕ ಉಪಾಸ ಇರ್ಲಿ ಅಂತಿಯೇನೆ?” ಎಂದು ಕೆರಿಯ ರೇಗಿದ.

ಅಮಾವಾಸ್ಯೆಯ ದಿನ ತಮ್ಮ ಬಿಡಾರದಲ್ಲಿ ತಮ್ಮ ಹಿರಿಯರ ಎಡೆ ಮುಗಿಸಿ, ಕೆರಿಯ ಬಂಗಲೆಯ ಒಳಕೋಣೆಯಲ್ಲಿ ಬೆತ್ತದ ಕುರ್ಚಿಯ ಮುಂದೆ ಬಾಳೆಲೆ ಹಾಕಿದ. ಅನ್ನ, ಮೆಣಸು ಅರೆದು ಮಾಡಿದ ಕೋಳಿ, ಬೇಯಿಸಿದ ಮೊಟ್ಟೆ, ಒಂದು ಲೋಟ ಕಾಫಿ. ಎಲೆಯ ಬಲಕ್ಕೆ ಒಂದು ಹವಾನಾ, ಬಿಳಿ ಪುಡಿ ಬಂದದ್ದನ್ನೇ ಆರಿಸಿ, ಒರೆಸದೆ ಇಟ್ಟ. ತಲೆ ಕತ್ತರಿಸಿದ, ಆದರೆ ಹಚ್ಚಲಿಲ್ಲ. ಹಚ್ಚಬೇಕಾದರೆ ಬಾಯಿಟ್ಟು ಎಳೆಯಬೇಕು, ಎಂಜಲಾಗುತ್ತದೆ. ಸೀಲು ಒಡೆಯದ ಬೆಂಕಿಪೆಟ್ಟಿಗೆಯೊಂದನ್ನು ಪಕ್ಕಕ್ಕಿಟ್ಟು, ಅಡ್ಡಬಿದ್ದು, ಬಾಗಿಲು ಎಳೆದುಕೊಂಡು ಹೊರಗೆ ಬಂದು ಹೆಂಡತಿಯ ಜೊತೆ ಜಗಲಿಯಲ್ಲಿ ಕೂತ. ಪದ್ಧತಿ ಹಾಗೆ. ಹಿರಿಯರು ಬಂದು ಉಣ್ಣುವಾಗ ಯಾರೂ ನೋಡಬಾರದು. ಸಾಕಷ್ಟು ಹೊತ್ತಾದ ಮೇಲೆ ಹೊರಗಿನಿಂದ ಮೂರು ಸಲ ಬಾಗಿಲು ಬಡಿಯಬೇಕು, ಅವರು ಎದ್ದು ಹೋಗಲು ಹೊತ್ತು ಕೊಟ್ಟು ತೆಗೆಯಬೇಕು.

ಸ್ವಲ್ಪ ಹೊತ್ತಿಗೆ ಬೀರಮ್ಮ ಗಂಡನ ತೋಳು ಹಿಡಿದಳು. ಬಾಗಿಲ ಸಂದಿನಿಂದ ವಾಸನೆ ಬರುತ್ತಿತ್ತು. ಬೆಲ್ಲದ ಪಾಕ. ಆಮೇಲೆ ಮೆಣಸು. ಕೆರಿಯ ಕಣ್ಣು ಮುಚ್ಚಿ ಕೇಳಿಸಿಕೊಳ್ಳುವವನ ಹಾಗೆ ಕೂತಿದ್ದ. ಮಳೆಮಣ್ಣಿನ ವಾಸನೆ ಇನ್ನೇನು ಬರಬೇಕು ಎನ್ನುವಾಗ ಬೀರಮ್ಮ ತಡೆಯಲಾರದೆ, “ಬಡೀರಾ, ಸಾಕು, ಬಡೀರಾ” ಎಂದು ಅವನನ್ನು ಎಬ್ಬಿಸಿದಳು. ಕೆರಿಯ ಬಡಿದ.

ಒಳಗೆ ಹೊಗೆ ತುಂಬಿತ್ತು. ಎಲೆಯ ಮೇಲಿನದು ಇಟ್ಟ ಹಾಗೇ ಇತ್ತು, ಆದರೆ ಕೋಳಿಗೂ ಕಾಫಿಗೂ ವಾಸನೆಯೇ ಉಳಿದಿರಲಿಲ್ಲ. ಹವಾನಾದಲ್ಲಿ ಮೂರರಲ್ಲಿ ಎರಡು ಪಾಲು ಉರಿದು ಹೋಗಿತ್ತು. ಅಷ್ಟುದ್ದದ ಬೂದಿ ಮುರಿಯದೆ ನಿಂತಿತ್ತು. ಬೆಂಕಿಪೆಟ್ಟಿಗೆಯ ಸೀಲು ಒಡೆದಿರಲಿಲ್ಲ.

ಬೀರಮ್ಮ ಓಡಿ ಹೋದಳು. ಕೆರಿಯನಿಗೆ ಭಯವಾಗಲಿಲ್ಲ ಎಂದರೆ ನಂಬಬೇಕು. ಸಾಹೇಬ ಬಂದು ಸೇದಿ ಹೋದ, ತನ್ನ ಕೈಯ ಊಟ ಒಪ್ಪಿಕೊಂಡ ಎಂದು ಅವನು ಗೋಡೆಗೊರಗಿ ಮನಸಾರೆ ಅತ್ತ.

ಮೂರು ವಾರವಾದ ಮೇಲೆ ಚಾಂದ್ ಪಾಷಾನ ಮೋಟಾರು ಮತ್ತೆ ನಿಂತಿತು. ಅದರಿಂದ ವಿಲ್ಮಟ್ ಸಾಹೇಬ ಇಳಿದ.

ಕೈಕಾಲು ಕಡ್ಡಿಯಾಗಿದ್ದವು, ಕೋಟು ಗೂಟಕ್ಕೆ ಹಾಕಿದ ಹಾಗೆ ಜೋತಿತ್ತು. ಆದರೆ ನೆರಳು ಬೀಳುತ್ತಿತ್ತು, ಉಸಿರಾಡುತ್ತಿದ್ದ, ಕೋಲೂರಿಕೊಂಡು ಮೆಟ್ಟಿಲು ಹತ್ತಿದ. ಚಾಂದ್ ಪಾಷಾ ದೂರದಿಂದಲೇ ಕಿವಿ ಹಿಡಿದುಕೊಂಡ. “ತಪ್ಪಾಯ್ತು ಕೆರಿಯಾ. ಹುಬ್ಬಳ್ಳಿಯಲ್ಲಿ ಮಣ್ಣಾದವ ಬೇರೆ ಸಾಹೇಬ!” ಕೆರಿಯ ನಕ್ಕ, ಅತ್ತ, ಸಾಹೇಬನ ಕಾಲು ಹಿಡಿದ. ಆಮೇಲೆ ಒಳಕೋಣೆಯ ಬಾಗಿಲು ಕಣ್ಣಿಗೆ ಬಿದ್ದದ್ದೇ ಎದ್ದು ಹೋಗಿ ಅದನ್ನು ಎಳೆದು ಮುಚ್ಚಿದ.

ಅಂದು ಸಾಹೇಬ ಒಳಗೆ ಕೂರದೆ ಜಗಲಿಯಲ್ಲೇ ಕೂತು ಕೋಳಿ ಉಂಡ. ಎರಡು ತುತ್ತಿಗೇ ಎಲ್ಲ ಬದಿಗೆ ಸರಿಸಿದ. “ಉಪ್ಪಿಲ್ಲ, ಖಾರಿಲ್ಲ, ಏನೂ ಇಲ್ಲಲ್ಲೋ.” ಕೆರಿಯ ಅಡುಗೆಮನೆಗೆ ಹೋಗಿ ರುಚಿ ನೋಡಿದ. ಮೆಣಸು ನಾಲಿಗೆಗೆ ಚುರುಕ್ ಎಂದಿತು. ಕಾಫಿ ಬಿಸಿನೀರು ಎಂದ ಸಾಹೇಬ. ಬಾಳೆಹಣ್ಣು ಕೊಟ್ಟರೆ ಮಾತ್ರ ರುಚಿ ಹತ್ತಿತು, ಹಾಲು ರುಚಿ ಹತ್ತಿತು, ರಾಗಿ ಗಂಜಿಯ ಜೊತೆ ಕೊಟ್ಟ ಮಾವಿನ ಮಿಡಿ ಉಪ್ಪಿನಕಾಯಿಗೆ ಹುಬ್ಬು ಕೂಡ ಹಾರಿಸಿದ. ಅಮಾವಾಸ್ಯೆಯ ದಿನ ಎಲೆಯ ಮೇಲೆ ಬಡಿಸದೇ ಇದ್ದದ್ದೆಲ್ಲ ರುಚಿಸುತ್ತಿತ್ತು, ಬಡಿಸಿದ್ದು ಯಾವುದೂ ರುಚಿಸುತ್ತಿರಲಿಲ್ಲ. ಕೆರಿಯನಿಗೆ ಲೆಕ್ಕ ತಿಳಿಯಲು ಎರಡು ದಿನ ಸಾಕಾಯಿತು.

ಇನ್ನು ಹವಾನಾ. ಸಾಹೇಬ ಕಿವಿಗೆ ಹಿಡಿದ, ಮೂಸಿದ, ಹುಬ್ಬು ಗಂಟಿಕ್ಕಿ ಮತ್ತೆ ಮೂಸಿದ. ಹಚ್ಚಿ ಎಳೆದ. “ಸತ್ತಾವ ಇವು” ಎಂದು ಇನ್ನೊಂದು ಪೆಟ್ಟಿಗೆ ಒಡೆಸಿದ. ಅದೂ ಹಾಗೇ. ಕೈಯಲ್ಲಿದ್ದ ಚಿರೂಟಿನ ಹೊಗೆ ಮೇಲಕ್ಕೆ ಏಳುತ್ತಿರಲಿಲ್ಲ. ಸಾಹೇಬನ ಮುಖದ ಕಡೆಗೂ ಬರುತ್ತಿರಲಿಲ್ಲ. ನೆಲಕ್ಕಿಳಿದು, ಗಾಳಿಯಿಲ್ಲದ ಜಗಲಿಯಲ್ಲಿ ತೆವಳಿ, ಮುಚ್ಚಿದ ಒಳಕೋಣೆಯ ಬಾಗಿಲ ಸಂದಿನಲ್ಲಿ ಒಳಗೆ ಹೋಗುತ್ತಿತ್ತು. ಸ್ವಲ್ಪ ಹೊತ್ತಿಗೆ ಒಳಗೆ ಬೆತ್ತದ ಕುರ್ಚಿ, ಯಾರೋ ಸುಖವಾಗಿ ಹಿಂದಕ್ಕೊರಗಿದ ಹಾಗೆ, ಕಿರಿಕ್ ಎಂದಿತು. ಸಾಹೇಬನೂ ಕೇಳಿಸಿಕೊಂಡ. ಕೆರಿಯನ ಮುಖ ನೋಡಿದ.

“ಆಸ್ಪತ್ರ್ಯಾಗ ಒಂದಿನ ಮಧ್ಯಾಹ್ನ ಡಾಕ್ಟರು ಕೈ ಬಿಟ್ಟಿದ್ರು,” ಎಂದ ನಿಧಾನವಾಗಿ. “ಅಮಾಸಿ ಅಂತ ಆಮ್ಯಾಲೆ ನರ್ಸು ಹೇಳಿದ್ಲು. ನಾ ಇಲ್ಲಿಗೆ ಬಂದಿದ್ದೆ ಕೆರಿಯಾ. ಈ ಖೋಲ್ಯಾಗ ಕುಂತು ಉಂಡೆ, ಸೇದಿದೆ. ಅಂಥಾ ಹವಾನಾ ನಾ ಹುಟ್ಟಿದಾಗಿಂದ ಸೇದಿದ್ದಿಲ್ಲ. ಕಡೀ ರುಚಿ ಬರೂ ಹೊತ್ತಿಗೆ ಯಾರೋ ಬಾಗ್ಲಾ ಬಡದ್ರು. ಬೆಳಗಾವ್ಯಾಗ ಕಣ್ಣ ಬಿಟ್ಟೆ.”

ಕೆರಿಯ ಅವನ ಕಾಲ ಬಳಿ ಕೂತು ಎಲ್ಲ ಹೇಳಿಬಿಟ್ಟ. ಸಾಹೇಬ ಕೇಳಿ ಮುಗಿಸಿ, ಅವನ ತಲೆಯ ಮೇಲೆ ಕೈಯಿಟ್ಟ. “ನನಗ ಯಾರರೆ ಎಲಿ ಹಾಕ್ತಾರ ಅಂತ ನಾ ಅನಕೊಂಡಿದ್ದಿಲ್ಲ” ಎಂದ. ಬೈದಿದ್ದರೆ ಕೆರಿಯನಿಗೆ ಎಷ್ಟೋ ಹಗುರವಾಗುತ್ತಿತ್ತು.

ಮರುದಿನವೇ ಕೆರಿಯ ಉಮ್ಮಚಗಿಯ ಹತ್ತಿರ ತಮ್ಮ ಕೇರಿಯ ಹಿರಿತಲೆ ಮಾಸ್ತಿಯ ಬಳಿಗೆ ಹೋದ. ಎಡೆಯ ಕ್ರಮವನ್ನೆಲ್ಲ ಬಲ್ಲ ಮುದುಕ ಅವನು. ಎಲ್ಲ ಕೇಳಿ ಎಲೆಯಡಿಕೆ ಉಗುಳಿ ಬಂದ.

“ಒಂದ್ಸಲ ಎಲೆ ಹಾಕಿದ್ಮೇಲೆ ಅಂವ ಎಡೆ ಉಣ್ಣುವವರ ಸಾಲಿಗೆ ಸೇರ್ದ. ಅವನ ಅರ್ಧ ಅಲ್ಲೇ ಉಳೀತು, ಅರ್ಧನ ನೀ ಬಡ್ದು ವಾಪಸ್ ಕಳಿಸ್ದೆ. ಬರೂ ವರ್ಷ ಎಲೆ ಹಾಕಿದ್ರೆ ಬಂದು ಉಣ್ತ. ಹಾಕದಿದ್ರೆ ಹಸಿದು ಬಾಗ್ಲು ಬಡೀತ.”

“ಎಲೆ ಹಾಕಿ ಮತ್ತೆ ಬಡಿದ್ರೆ?”

“ಬಡಿದ್ರೆ ವಾಪಸ್ ಬತ್ತ. ಇನ್ನಷ್ಟು ರುಚಿ ಅಲ್ಲೇ ಬಿಟ್ಟು ಬತ್ತ. ಬಡೀದೆ ಇದ್ರೆ ಪೂರಾ ಅಲ್ಲೇ ಉಳೀತ.” ಮುದುಕ ಕೈಯಾಡಿಸಿದ. “ಅದು ನಿನ್ನ ಕೈಲಿ ಅದೆ ತಮ್ಮಾ.”

ಕೆರಿಯ ಹಟ ಹಿಡಿದ. ಎಲೆಯನ್ನೇ ಹಾಕದಿದ್ದರೆ ಯಾರು ಏನು ಮಾಡುತ್ತಾರೆ? ಸಾಹೇಬ ಬದುಕಿದ್ದರೆ ಸಾಕು. ಒಳಕೋಣೆಗೆ ಬೀಗ ಹಾಕಿ ಬೀಗದ ಕೈಯನ್ನು ಸೊಂಟಕ್ಕೆ ಕಟ್ಟಿಕೊಂಡ. ಸಾಹೇಬನಿಗೆ ಹಾಲು, ಹಣ್ಣು, ಗಂಜಿ ಕೊಟ್ಟು ಕೂಸಿನ ಹಾಗೆ ಸಾಕಿದ. ಸಾಹೇಬ ದಿನವೂ ಊಟವಾದ ಮೇಲೆ ಒಂದು ಹವಾನಾ ಹಚ್ಚುತ್ತಿದ್ದ, ಎರಡು ಸಲ ಎಳೆದು ಕೆಳಗಿಡುತ್ತಿದ್ದ. ಹೊಗೆ ಬಾಗಿಲ ಸಂದಿಗೆ ಹರಿದು ಹೋಗುವುದನ್ನು, ಊಟದ ಮನೆಯ ಹೊರಗೆ ನಿಂತವನ ಕಣ್ಣಿನಲ್ಲಿ ನೋಡುತ್ತಿದ್ದ. ಪುಸ್ತಕ ಓದುವುದು ಬಿಟ್ಟ, ಕೋಲು ಹಿಡಿದು ಕಾಡಿಗೆ ಹೋಗುವುದು ಬಿಟ್ಟ. ಬೇಸಗೆಗೆ ಮಾತೂ ಕಡಿಮೆಯಾಯಿತು. ಮಳೆಗಾಲ ಮುಗಿಯುವ ಹೊತ್ತಿಗೆ ಹಾಲೂ ಹಣ್ಣೂ ಕೂಡ ಅವನಿಗೆ ಸಪ್ಪೆಯಾಗಿದ್ದವು. ಇದೆಲ್ಲವನ್ನೂ ಕೆರಿಯ ಕಂಡಿದ್ದ, ಕಂಡೂ ಕಾಣದವನ ಹಾಗೆ ಗಂಜಿ ಕಾಸಿ ತಂದಿಡುತ್ತಿದ್ದ. ಪ್ರೀತಿಗೆ ಕುರುಡಾಗುವುದು ಬಹಳ ಸುಲಭ.

ಮೂವತ್ತೈದರ ಮಹಾಲಯ ಅಮಾವಾಸ್ಯೆ ಬಂತು. ಕೆರಿಯ ಬಿಡಾರದಲ್ಲಿ ತನ್ನ ಹಿರಿಯರಿಗೆ ಎಲೆ ಹಾಕಿ ಮುಗಿಸಿ ಬಂಗಲೆಗೆ ಬಂದ. ಬಿಸಿಲು ಚೆನ್ನಾಗಿತ್ತು. ಸಾಹೇಬ ಜಗಲಿಯಲ್ಲಿ ಕಂಬಳಿ ಹೊದ್ದು ಕೂತಿದ್ದ. ಕೆರಿಯ ಅವನ ಕಾಲಿಗೆ ಎಣ್ಣೆ ತಿಕ್ಕಲು ಕೂತ.

ಟಕ್, ಟಕ್, ಟಕ್.

ಬೀಗ ಹಾಕಿದ ಒಳಕೋಣೆಯ ಬಾಗಿಲು, ಒಳಗಿನಿಂದ.

ಕೆರಿಯ ಎಣ್ಣೆಯ ಕೈಯಲ್ಲೇ ಸಾಹೇಬನ ಪಾದವನ್ನು ಗಟ್ಟಿಯಾಗಿ ಹಿಡಿದುಕೊಂಡ. ಮೂಳೆ ಮಾತ್ರ ಸಿಕ್ಕಿತು. ಮತ್ತೆ ಬಡಿಯಿತು. ಸಿಟ್ಟಿನ ಬಡಿತವಲ್ಲ ಅದು, ಅಡುಗೆ ತಡವಾದಾಗ ಸಾಹೇಬ ಮೇಜಿನ ಮೇಲೆ ಬೆರಳ ಗೆಣ್ಣಿನಿಂದ ಕುಟ್ಟುತ್ತಿದ್ದ ಹಾಗೇ ಇತ್ತು. ತಾಳ್ಮೆಯ, ನಾಚಿಕೆಯ ಬಡಿತ. ಕೆರಿಯ ಮೇಲಕ್ಕೆ ನೋಡಿದ. ಸಾಹೇಬನ ಬೆರಳುಗಳು ಕಂಬಳಿಯ ಮೇಲೆ ಅದೇ ತಾಳಕ್ಕೆ ಏಳುತ್ತ ಬೀಳುತ್ತ ಇದ್ದವು.

“ಬಾಗ್ಲಾ ತಗಿಯಪಾ,” ಎಂದ ಸಾಹೇಬ. “ಒಳಗಿದ್ದಾಂವ ನಾನಽ. ಹಸದೇನಿ.”

“ಹಾಲು ತರ್ತೆ ಸಾಯ್ಬ್ರೆ.”

“ಹಾಲು ಬ್ಯಾಡ ಕೆರಿಯಾ.” ದನಿಯಲ್ಲಿ ಕೋಪವಿರಲಿಲ್ಲ. “ಒಂದ ವರ್ಷ ಆತು ನಾ ಉಂಡು. ನೀನೂ ಬಲ್ಲಿ.”

ಹೌದು, ಬಲ್ಲ. ಒಂದು ವರ್ಷ ತಾನು ಸಾಹೇಬನನ್ನು ಸಾಕಲಿಲ್ಲ, ಉಪವಾಸ ಕೆಡವಿದೆ ಎಂದು ಕೆರಿಯನಿಗೆ ಆ ಗಳಿಗೆಯಲ್ಲಿ ತಿಳಿಯಿತು. ಅದು ಸಾಹೇಬನಿಗಾಗಿ ಮಾಡಿದ್ದಲ್ಲ. ಬಂಗಲೆ ಖಾಲಿಯಾಗುವುದನ್ನು ನೋಡಲಾರದೆ, ತನಗಾಗಿ ಮಾಡಿಕೊಂಡದ್ದು.

ಅವನು ಎದ್ದ. ಕೋಳಿ ಕೊಯ್ದ, ಮೆಣಸು ಅರೆದ, ಕಾಫಿ ಕಾಸಿದ. ಬೀರಮ್ಮ ಬಂದು ನೋಡಿ, ಬಾಳೆಲೆ ಕೊಯ್ದು ತೊಳೆದು ತಂದುಕೊಟ್ಟಳು. ಬೀಗ ತೆಗೆದು ಒಳಗೆ ಹೋದರೆ ಕೋಣೆಯಲ್ಲಿ ಯಾರೂ ಇರಲಿಲ್ಲ. ಕುರ್ಚಿ ಮಾತ್ರ ಬಾಗಿಲಿಗೆ ಮುಖ ಮಾಡಿ ತಿರುಗಿತ್ತು. ಕೆರಿಯ ಅದನ್ನು ಸರಿಪಡಿಸಿ ಎಲೆ ಹಾಕಿದ. ಸಾಹೇಬನನ್ನು ತೋಳಿನಲ್ಲಿ ಎತ್ತಿ ತಂದು ಕೂರಿಸಿದ. ಪೆಟ್ಟಿಗೆಯಲ್ಲಿ ಒಂದೊಂದನ್ನೂ ಕಿವಿಗೆ ಹಿಡಿದು ಒತ್ತಿ, ಮೂಸಿ, ಎಲ್ಲಕ್ಕಿಂತ ಒಳ್ಳೆಯದನ್ನು ಆರಿಸಿ, ತಲೆ ಕತ್ತರಿಸಿ ಎಲೆಯ ಬಲಕ್ಕಿಟ್ಟ.

“ಈ ಸಲ ಬಡೀಬ್ಯಾಡ” ಎಂದ ಸಾಹೇಬ.

ಕೆರಿಯ ಅಡ್ಡಬಿದ್ದು ಹೊರಗೆ ಬಂದು ಬಾಗಿಲು ಎಳೆದುಕೊಂಡ. ಜಗಲಿಯಲ್ಲಿ ಬೀರಮ್ಮನ ಪಕ್ಕ ಕೂತ. ಒಳಗೆ ಲೋಟ ನೆಲಕ್ಕೆ ತಾಗಿದ ಸದ್ದಾಯಿತು, ಎಲುಬು ಕಡಿದ ಸದ್ದಾಯಿತು, “ಆಹಾ” ಎಂದು ಸಾಹೇಬ ಹುಡುಗನ ಹಾಗೆ ನಕ್ಕದ್ದು ಕೇಳಿಸಿತು. ಒಂದು ವರ್ಷದ ಮೇಲೆ ಕೇಳಿದ ನಗು. ಬಾಗಿಲ ಸಂದಿನಿಂದ ಬೆಲ್ಲದ ವಾಸನೆ ಬಂತು. ಬಹಳ ಹೊತ್ತಿನ ಮೇಲೆ ಮೆಣಸು. ಈ ಸಲ ಅವಸರವಿರಲಿಲ್ಲ.

ಮಳೆಮಣ್ಣಿನ ವಾಸನೆ ಏಳುತ್ತಿದ್ದ ಹಾಗೆ ಕೆರಿಯನ ಕೈ ತಾನಾಗಿ ಬಾಗಿಲಿನ ಕಡೆ ಹೋಯಿತು. ಮೂರು ಸಲ ಬಡಿದರೆ ಸಾಕು, ಸಾಹೇಬ ತಿರುಗಿ ಬರುತ್ತಾನೆ, ನಾಳೆಯೂ ಇರುತ್ತಾನೆ, ಮೂಳೆಯಾದರೂ ಇರುತ್ತಾನೆ. ಗೆಣ್ಣು ಮರಕ್ಕೆ ತಾಗುವಷ್ಟು ಹತ್ತಿರ ಹೋಗಿ ನಿಂತಿತು. ಬೀರಮ್ಮ ಅವನ ಮುಖವನ್ನೇ ನೋಡುತ್ತಿದ್ದಳು.

ಕೆರಿಯ ಕೈಯನ್ನು ಕಂಕುಳಲ್ಲಿ ಅವುಚಿಕೊಂಡ, ತಲೆ ಬಗ್ಗಿಸಿ ಕೂತ. ವಾಸನೆ ನಿಂತಿತು, ಬಿಸಿಲು ಜಗಲಿಯಿಂದ ಇಳಿದು ಅಂಗಳ ದಾಟಿತು, ಅವನು ಬಡಿಯಲಿಲ್ಲ. ಏಳೋಣ ಎಂದು ಬೀರಮ್ಮ ಎರಡು ಸಲ ಹೇಳಿದಳು.

“ಇರೇ,” ಎಂದ. “ಇನ್ನೂ ಉಣ್ತಾ ಇದ್ದಾರೆ.”